ಬೆಪ್ಪು ಎಂಬ ಊರು

ನನ್ನ ಗಂಡ ನನ್ನನ್ನು ಬೆಪ್ಪು ಎಂದು ಕರೆಯುತ್ತಿದ್ದರು. ಕೋಪ ಬಂದಾಗ ಮಾತ್ರ ಕರೆದಿದ್ದರೆ ಸಹಿಸಬಹುದಿತ್ತು. ಕೋಪ ಬರುತ್ತದೆ, ಹೋಗುತ್ತದೆ. ಇವರದು ಹಾಗಲ್ಲ. "ಬೆಪ್ಪೇ, ಟವೆಲ್ ಎಲ್ಲಿಟ್ಟೆ?" "ಬೆಪ್ಪು, ಫೋನ್ ಬಂದ್ರೆ ಎತ್ತೋದಲ್ವಾ?" ನೆಂಟರಿಷ್ಟರ ಮುಂದೆ, "ಬಿಡಿ, ಇವಳೊಂದು ಬೆಪ್ಪು." ನನಗೆ ಹೆಸರಿತ್ತು, ಅಪ್ಪ ಅಮ್ಮ ನಾಮಕರಣ ಮಾಡಿ ಇಟ್ಟ ಚೆಂದದ ಹೆಸರೇ ಇತ್ತು. ಅದು ಪಾಸ್‌ಪೋರ್ಟಿನಲ್ಲಿ ಉಳಿದುಕೊಂಡಿತು.

ಹಾಗಂತ ಇವರು ಕೆಟ್ಟವರೇನಲ್ಲ. ಕೈ ಎತ್ತಿದವರಲ್ಲ, ಕುಡಿತವಿಲ್ಲ, ಸಂಬಳ ಬಂದರೆ ಮನೆಗೇ. ಕನ್ನಡದವರೆಲ್ಲ ಒಂದೊಂದು ಅಡುಗೆ ಮಾಡಿ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಒಮ್ಮೆ ನಾನು ಗೊಣಗಿದ್ದಕ್ಕೆ ಒಬ್ಬರು ಆಂಟಿ ನನ್ನ ಗಲ್ಲ ಹಿಂಡಿ, "ಅಯ್ಯೋ, ಅದು ಪ್ರೀತಿಗೆ ಕಣೇ. ಪ್ರೀತಿ ಇಲ್ದಿದ್ರೆ ಯಾರು ಹಾಗಂತಾರೆ?" ಎಂದರು. ಪ್ರೀತಿಗೆ ಬೇರೆ ಪದವೇ ಸಿಗಲಿಲ್ಲವೇ ಇವರಿಗೆ? ಕೇಳಬೇಕೆನಿಸಿತು. ಆಂಟಿ ಅಷ್ಟರಲ್ಲಿ ಬಿಸಿಬೇಳೆಬಾತಿನ ಕಡೆಗೆ ಹೋಗಿಬಿಟ್ಟಿದ್ದರು.

ಆಗ ನಾವಿದ್ದದ್ದು ಅಮೆರಿಕದ ಷಾರ್ಲೆಟ್‌ನಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು; ಇಸವಿ ಎರಡು ಸಾವಿರ ಆದೊಡನೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಬ್ಯಾಂಕಿನವರು ಗಾಬರಿಯಾಗಿ ನಮ್ಮ ಕಡೆಯ ಹುಡುಗರನ್ನು ಕರೆಸಿಕೊಳ್ಳುತ್ತಿದ್ದರು. ಇವರು ಬೆಳಿಗ್ಗೆ ಕಾರು ತೆಗೆದುಕೊಂಡು ಹೋದರೆ ಬರುವುದು ಕತ್ತಲಾದ ಮೇಲೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ನನಗೆ ಡ್ರೈವಿಂಗ್ ಬರುವುದಿಲ್ಲ, ಕಾರಿಲ್ಲದೆ ಆ ಊರಿನಲ್ಲಿ ಒಂದು ಕಟ್ಟು ಕೊತ್ತಂಬರಿಯೂ ಸಿಗುವುದಿಲ್ಲ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದವಳು ನಾನು. ನಾನು ಕ್ಲಾಸಿಗೆ ಕಾಲಿಟ್ಟರೆ ಹಿಂದಿನ ಬೆಂಚಿನ ಪೋಕರಿಗಳೂ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಬಂದ ಮೇಲೆ ಕಿಟಕಿಯಲ್ಲಿ ನಿಂತು ಪಾರ್ಕಿಂಗ್ ಲಾಟ್ ನೋಡುವುದೇ ಉದ್ಯೋಗವಾಯಿತು.

ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳ ವಿಷಯ ಹೇಳಬೇಕು. ಇಟ್ಟಿಗೆ ಗಿಟ್ಟಿಗೆ ಏನೂ ಇಲ್ಲ, ಮರದ ಚೌಕಟ್ಟಿಗೆ ತೆಳ್ಳನೆಯ ಹಲಗೆ ಹೊಡೆದು ಬಣ್ಣ ಬಳಿದದ್ದು. ಪಕ್ಕದ ಮನೆಯವರು ಸೀನಿದರೆ ನಾವು ಮೂಗು ಒರೆಸಿಕೊಳ್ಳಬೇಕು, ಅಂಥ ಗೋಡೆ. ಆ ಪಕ್ಕದ ಮನೆಗೆ ಒಂದು ಬೇಸಿಗೆಯಲ್ಲಿ ಜಪಾನಿನ ದಂಪತಿ ಬಂದರು. ಗಂಡ ಊರಾಚೆಯ ಯಾವುದೋ ಕಾರ್ಖಾನೆಯಲ್ಲಿ ಎಂಜಿನಿಯರ್. ಹೆಂಡತಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಮೇಲ್‌ಬಾಕ್ಸ್ ಹತ್ತಿರ ಎದುರಾದರೆ ಆಕೆ ಬಗ್ಗಿ ನಮಸ್ಕರಿಸುತ್ತಿದ್ದಳು, ನಾನು ನಗುತ್ತಿದ್ದೆ, ಅಷ್ಟೇ.

ಒಂದು ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಎಣ್ಣೆಗೆ ಇಂಗು ಬಿದ್ದು ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಇಂಗಿನ ವಾಸನೆಯ ಬಗ್ಗೆ ಮೇಲಿನ ಮನೆಯಾಕೆ ಆಗಲೇ ಒಂದು ಸಲ ಅಪಾರ್ಟ್‌ಮೆಂಟಿನ ಆಫೀಸಿಗೆ ಕಂಪ್ಲೇಂಟ್ ಮಾಡಿದ್ದಳು. ಇನ್ನೊಂದು ಬಂತಲ್ಲಪ್ಪಾ ಎಂದುಕೊಂಡು ಬಾಗಿಲು ತೆಗೆದರೆ ಜಪಾನಿನಾಕೆ ನಿಂತಿದ್ದಾಳೆ. ಬಗ್ಗಿ ನಮಸ್ಕಾರ ಮಾಡಿದಳು. ನಾವಿಬ್ಬರೂ ಆಡುತ್ತಿದ್ದದ್ದು ಹರಕುಮುರುಕು ಇಂಗ್ಲಿಷು, ಅದನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

"ಕ್ಷಮಿಸಿ. ಒಂದು ಕೇಳಬಹುದಾ? ನಿಮ್ಮ ಗಂಡ..." ಆಕೆ ಗೋಡೆಯ ಕಡೆ ಕೈ ತೋರಿಸಿದಳು. "ಬೆಪ್ಪು. ದಿನಾ ಹೇಳುತ್ತಾರೆ, ಬೆಪ್ಪು, ಬೆಪ್ಪು. ನನಗೆ ಕೇಳಿಸುತ್ತದೆ."

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಹಾಗಾಯಿತು. ನಮ್ಮ ಭಾಷೆಯ ಗಂಧವಿಲ್ಲದವಳ ಕಿವಿಗೂ ಬಿದ್ದಿದೆಯೆಂದರೆ ಇವರು ಅದನ್ನು ದಿನಕ್ಕೆ ಎಷ್ಟು ಸಲ ಅನ್ನುತ್ತಿರಬೇಡ! ಸೌಟು ಹಿಡಿದುಕೊಂಡೇ ನಿಂತೆ.

"ನಾನೂ ಬೆಪ್ಪು!" ಎಂದಳು ಆಕೆ, ಎದೆಯ ಮೇಲೆ ಕೈಯಿಟ್ಟುಕೊಂಡು.

ಅಯ್ಯೋ ಪಾಪ, ಇವಳ ಗಂಡನೂ ಹೀಗೇ ಕರೆಯುತ್ತಾನಾ ಎಂದುಕೊಂಡೆ. ಆದರೆ ಆಕೆಯ ಮುಖದಲ್ಲಿ ದುಃಖವೇ ಇರಲಿಲ್ಲ, ಕಣ್ಣು ಫಳಫಳ ಹೊಳೆಯುತ್ತಿತ್ತು.

"ಬೆಪ್ಪು ನನ್ನ ಊರು. ಜಪಾನಿನಲ್ಲಿ. ಸಣ್ಣ ಊರು, ಇಲ್ಲಿ ಯಾರಿಗೂ ಗೊತ್ತಿಲ್ಲ. ಟೋಕಿಯೋ ಗೊತ್ತು, ಹಿರೋಶಿಮಾ ಗೊತ್ತು. ಬೆಪ್ಪು ಅಂದರೆ ಎಲ್ಲರೂ ಎಲ್ಲಿದೆ ಅಂತಾರೆ. ಆದರೆ ಗೋಡೆಯ ಆಚೆ ಒಬ್ಬರು ದಿನಾ ನನ್ನ ಊರಿನ ಹೆಸರು ಹೇಳುತ್ತಾರೆ! ಅವರು ಅಲ್ಲಿಗೆ ಹೋಗಿದ್ದರಾ? ಹೋಗುವ ಆಸೆಯಾ?"

ನಾನು ತಲೆ ಅಲ್ಲಾಡಿಸಿದೆ. ನಮ್ಮವರು ಅಲ್ಲಾಡಿಸುವ ಹಾಗೆ, ಹೌದೂ ಅಲ್ಲದ ಇಲ್ಲವೂ ಅಲ್ಲದ ಹಾಗೆ. ಆಕೆ ಅದನ್ನು ಹೌದೆಂದೇ ತಿಳಿದಳು. "ಆಸೆ!" ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ಮೂಗರಳಿಸಿ ಇಂಗಿನ ವಾಸನೆಯನ್ನು ಚೆನ್ನಾಗಿ ಎಳೆದುಕೊಂಡು, "ಈ ವಾಸನೆ ಕೂಡ ನಮ್ಮ ಊರಿನ ಹಾಗೇ ಇದೆ. ನೆಲದಿಂದ ಬರುವ ಗಂಧಕದ ವಾಸನೆ," ಎಂದಳು. ಒಳಗೆ ಕರೆದೆ. ಹುಳಿಯನ್ನ ಹಾಕಿಕೊಟ್ಟೆ. ಬೆವರುತ್ತ ಬೆವರುತ್ತ ಎರಡನೇ ಸಲ ಹಾಕಿಸಿಕೊಂಡಳು.

ಆ ದಿನದಿಂದ ಮಧ್ಯಾಹ್ನವಾದರೆ ಆಕೆ ಫೋಟೋ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದಳು. ನಾನು ಆ ಊರನ್ನು ಇವತ್ತಿನವರೆಗೂ ನೋಡಿಲ್ಲ, ಆದರೆ ಗೈಡ್ ಕೆಲಸ ಕೊಟ್ಟರೆ ಮಾಡಬಲ್ಲೆ. ಹಿಂದೆ ಬೆಟ್ಟ, ಮುಂದೆ ಸಮುದ್ರ, ನಡುವೆ ಊರು. ಊರಿನ ತುಂಬ ಆವಿ. ಚರಂಡಿ ಸಂದಿಯಲ್ಲಿ ಆವಿ, ಮನೆಗಳ ಹಿತ್ತಲಲ್ಲಿ ಆವಿ, ಬಸ್ ಸ್ಟಾಪಿನ ಪಕ್ಕ ಆವಿ. ಊರಿಗೆ ಊರೇ ಇಡ್ಲಿ ಪಾತ್ರೆಯ ಮೇಲೆ ಕೂತಿರುವ ಹಾಗೆ. ನೆಲದಡಿಯ ಬಿಸಿನೀರು ಅಲ್ಲಿ ಕಂಡಕಂಡಲ್ಲಿ ಉಕ್ಕುತ್ತದಂತೆ. ಆ ಆವಿಯಲ್ಲೇ ಗೆಣಸು, ಜೋಳ, ಮೊಟ್ಟೆ ಬೇಯಿಸಿ ಮಾರುತ್ತಾರಂತೆ. "ಗ್ಯಾಸ್ ಬಿಲ್ ಉಳೀತು," ಎಂದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅಲ್ಲಿ ನೋಡಲೇಬೇಕಾದದ್ದು ನರಕಗಳು. ನಿಜವಾಗಿ, ಅವಕ್ಕೆ ಅವರು ಇಟ್ಟಿರುವ ಹೆಸರೇ ನರಕ! ಕುದಿಯುವ ಹೊಂಡಗಳು. ಒಂದು ಸಮುದ್ರದ ಹಾಗೆ ನೀಲಿ. ಇನ್ನೊಂದರಲ್ಲಿ ಬೂದು ಬಣ್ಣದ ಕೆಸರು ಗುಳುಗುಳು ಉಬ್ಬುತ್ತದೆ, ಆ ಗುಳ್ಳೆಗಳು ಬೋಳಿಸಿದ ಸನ್ಯಾಸಿಗಳ ತಲೆಯಂತೆ ಕಾಣುತ್ತವಂತೆ. ಒಂದರಲ್ಲಿ ಬಿಸಿನೀರಿನ ಸುಖಕ್ಕೆ ಮೊಸಳೆಗಳನ್ನು ಸಾಕಿದ್ದಾರೆ. ಟಿಕೆಟ್ ತೆಗೆದುಕೊಂಡು ಒಂದೊಂದೇ ನರಕ ನೋಡುತ್ತ ಹೋಗಬೇಕು. ನಮ್ಮ ಕಡೆ ನರಕಕ್ಕೆ ಟಿಕೆಟ್ ಇಲ್ಲ, ಮದುವೆಯಾದರೆ ಸಾಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಸಮುದ್ರದ ದಂಡೆಯಲ್ಲಿ ಬಿಸಿ ಮರಳಿನ ಸ್ನಾನವೂ ಇದೆ. ಹತ್ತಿ ನಿಲುವಂಗಿ ಹಾಕಿಕೊಂಡು ಮಲಗಿದರೆ ವಯಸ್ಸಾದ ಹೆಂಗಸರು ಗುದ್ದಲಿಯಲ್ಲಿ ಮರಳೆಳೆದು ಕುತ್ತಿಗೆಯವರೆಗೆ ಹೂತುಬಿಡುತ್ತಾರೆ. ಫೋಟೋದಲ್ಲಿ ಆಕೆಯ ಅಮ್ಮ ಹಾಗೆ ಹೂತುಕೊಂಡು, ತಲೆ ಮಾತ್ರ ಹೊರಗಿಟ್ಟು ಹಲ್ಲು ಬಿಡುತ್ತಿದ್ದರು. ಊರಾಚೆ ಒಂದು ಗುಡ್ಡದ ತುಂಬ ಕೋತಿಗಳು. ಕೇರಿಕೇರಿಗೂ ಬಚ್ಚಲುಮನೆ. ಅಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಮೈಮೇಲೆ ನೂಲೆಳೆಯೂ ಇಲ್ಲದೆ ಒಟ್ಟಿಗೆ ನೀರಿಗಿಳಿದು ಹರಟುತ್ತಾರೆ ಎಂದಾಗ ನಾನು, "ಶಿವಶಿವಾ, ನಾಚಿಕೆ ಆಗಲ್ವಾ?" ಎಂದು ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲರೂ ಒಂದೇ ಥರ ಇರುವಾಗ ನಾಚಿಕೆ ಯಾಕೆ?" ಎಂದಳು.

ಕೆಂಪು ಹೊಂಡದ ಫೋಟೋ ತೋರಿಸಿ, "ಇದು ರಕ್ತದ ನರಕ. ಯಾಕೆ ಕೆಂಪು ಅಂತ ನನಗೆ ಗೊತ್ತಿಲ್ಲ," ಎಂದ ದಿನ ನನ್ನೊಳಗಿನ ಟೀಚರ್ ಎದ್ದು ಕೂತಳು. ಅದು ಕಬ್ಬಿಣ, ನಮ್ಮ ಮೊಳೆಗೆ ಹಿಡಿಯುವ ತುಕ್ಕಿನದೇ ಜಾತಿ ಎಂದೆ. ಹಳೇ ಮೊಳೆಯೊಂದನ್ನು ಹುಡುಕಿ ತಂದು, ಅಂಗಡಿ ಬಿಲ್ಲಿನ ಹಿಂಬದಿಯಲ್ಲಿ ಸಮೀಕರಣ ಬರೆದು, ಗಂಧಕ ಯಾಕೆ ಹಾಗೆ ನಾರುತ್ತದೆ ಎನ್ನುವವರೆಗೂ ಪಾಠ ಮಾಡಿದೆ. ಎಷ್ಟು ದಿನವಾಗಿತ್ತು ನನ್ನ ಗಂಟಲು ಹಾಗೆ ಬಿಚ್ಚಿಕೊಂಡು! ಆಕೆ ಎದ್ದು ನಿಂತು ಬಗ್ಗಿದಳು. "ನೀವು ಸೆನ್ಸೆ," ಎಂದಳು. ಸೆನ್ಸೆ ಎಂದರೆ ಗುರುಗಳು, ಮೇಷ್ಟರು. ಅಲ್ಲಿಯತನಕ ನನ್ನ ಹೆಸರಿಗೆ 'ಸಾನ್' ಸೇರಿಸಿ ಕರೆಯುತ್ತಿದ್ದಳು, ನಮ್ಮಲ್ಲಿ 'ಅವರೇ' ಅಂದ ಹಾಗೆ. ಅವತ್ತಿನಿಂದ ಸೆನ್ಸೆಯೇ ಆಯಿತು.

ನಾನು ಬೇಡುತ್ತಿದ್ದದ್ದು ಒಂದೇ: ಆ ಪದದ ಅರ್ಥ ಆಕೆಗೆ ತಿಳಿಯದಿರಲಿ. ಇಡೀ ಅಮೆರಿಕದಲ್ಲಿ ನನಗೆ ಬೆಲೆ ಕೊಡುವ ಜೀವ ಅದೊಂದೇ ಇತ್ತು. ಅರ್ಥ ತಿಳಿದ ದಿನ ಆಕೆಯೂ ನನ್ನನ್ನು ಇವರ ಕಣ್ಣಿನಿಂದಲೇ ನೋಡುತ್ತಾಳೆ, ಸೆನ್ಸೆ ಹೋಗಿ ಬೆಪ್ಪಾಗುತ್ತೇನೆ. ಇವರು ಮನೆಗೆ ಬಂದ ಕೂಡಲೇ ಟಿವಿ ಜೋರು ಮಾಡುತ್ತಿದ್ದೆ, ಅಡುಗೆಮನೆಯ ಫ್ಯಾನ್ ಹಾಕುತ್ತಿದ್ದೆ. "ಬೆಪ್ಪೇ, ಕಿವಿ ಕಿತ್ತುಹೋಗ್ತಿದೆ, ವಾಲ್ಯೂಮ್ ಕಮ್ಮಿ ಮಾಡೇ!" ಎಂದು ಇವರು ಇನ್ನೂ ಜೋರಾಗಿ ಕೂಗುತ್ತಿದ್ದರು. ಮಾರನೆಯ ದಿನ ಆಕೆ ನಗುಮುಖದಿಂದ ಬಂದು, "ನಿನ್ನೆಯೂ ಕೇಳಿಸಿತು," ಎನ್ನುತ್ತಿದ್ದಳು.

ಆಮೇಲೆ ಆಕೆಯ ಅಮ್ಮ ಊರಿಂದ ಒಂದು ಪಾರ್ಸೆಲ್ ಕಳಿಸಿದರು. ನಮ್ಮ ಊರನ್ನು ಅಷ್ಟೊಂದು ಪ್ರೀತಿಸುವ ಇಂಡಿಯಾದ ಮಹನೀಯರಿಗೆ ಎಂದು. ಒಳಗಿದ್ದದ್ದು ಬಿಸಿನೀರಿನ ಬುಗ್ಗೆಯ ಬಳಿ ಕೆರೆದು ತೆಗೆದ ಪುಡಿ. ಸ್ನಾನದ ನೀರಿಗೆ ಬೆರೆಸಿಕೊಂಡರೆ ಮೈಕೈ ನೋವು ಹೋಗುತ್ತದಂತೆ. ನನ್ನ ಕೈ ಸುಟ್ಟಂತಾಯಿತು. ಅದನ್ನು ಸಿಂಕಿನ ಕೆಳಗೆ ಪಾತ್ರೆ ತೊಳೆಯುವ ಸೋಪಿನ ಹಿಂದೆ ಅಡಗಿಸಿಟ್ಟೆ. ಇವರಿಗೆ ಏನೆಂದು ಹೇಳಿ ಕೊಡಲಿ?

ಎಷ್ಟು ದಿನ ಅಡಗಿಸಿಡಲು ಸಾಧ್ಯ? ಪಾರ್ಕಿಂಗ್ ಲಾಟಿನಲ್ಲಿ ಆಕೆಯ ಗಂಡ ಇವರನ್ನು ಹಿಡಿದು ಶನಿವಾರ ಊಟಕ್ಕೆ ಕರೆದಿದ್ದರು. ಇವರು ಆಗಲಿ ಎಂದು ಒಪ್ಪಿಕೊಂಡೇ ಮೆಟ್ಟಿಲು ಹತ್ತಿ ಬಂದರು. ತಲೆನೋವು ಎಂದೆ. "ಮಾತ್ರೆ ತಗೋ," ಎಂದರು. ಅವರದು ಮೀನು ಮಾಂಸದ ಮನೆ ಕಣ್ರೀ ಎಂದೆ. "ನಮಗೋಸ್ಕರ ವೆಜ್ ಮಾಡಿಸ್ತಾರಂತೆ, ಅಷ್ಟು ಪ್ರೀತಿಯಿಂದ ಕರೆದ್ರೆ ಹೋಗ್ದೇ ಇರೋಕಾಗುತ್ತೇನೇ ಬೆಪ್ಪೇ?" ಎಂದರು. ಮುಗಿಯಿತು.

ಆಕೆ ಗೆಣಸು, ಕುಂಬಳ, ಜೋಳ, ಎಲ್ಲವನ್ನೂ ಆವಿಯಲ್ಲಿ ಬೇಯಿಸಿ ಮರದ ತಟ್ಟೆಗಳಲ್ಲಿ ಜೋಡಿಸಿದ್ದಳು. ಊರಿನ ಪದ್ಧತಿಯ ಊಟ. ಗೋಡೆಗೆ ಆ ದಿನಕ್ಕೆಂದೇ ಊರಿನ ದೊಡ್ಡ ನಕಾಶೆ ಅಂಟಿಸಿದ್ದಳು, ನರಕಗಳಿಗೆಲ್ಲ ಕೆಂಪು ಚುಕ್ಕೆ. ಇವರು ಚೆನ್ನಾಗಿಯೇ ನಡೆದುಕೊಂಡರು. ಇಂಗ್ಲಿಷು ಸಲೀಸು, ಕಾರಿನ ಬಗ್ಗೆ ಮಾತಾಡಿದರು, ಗೆಣಸು ಎರಡು ಸಲ ಕೇಳಿ ಹಾಕಿಸಿಕೊಂಡರು. ನಾನು ತಟ್ಟೆಯಲ್ಲಿದ್ದ ಕುಂಬಳವನ್ನು ಅತ್ತಿತ್ತ ಸರಿಸುತ್ತ ಕೂತಿದ್ದೆ.

ಊಟ ಅರ್ಧಕ್ಕೆ ಬಂದಿರಬೇಕು. ಆಕೆ ಕೈಕಟ್ಟಿ ಕೂತು, ಬಹಳ ದಿನದಿಂದ ಕಾದಿಟ್ಟುಕೊಂಡ ಪ್ರಶ್ನೆ ಕೇಳಿದಳು. "ನಿಮಗೆ ಬೆಪ್ಪು ಯಾಕೆ ಅಷ್ಟು ಇಷ್ಟ?"

ಇವರು ತಬ್ಬಿಬ್ಬಾಗಿ ನನ್ನ ಕಡೆ ತಿರುಗಿದರು. "ಏನೇ ಇದು? ಏನ್ ಹೇಳಿದ್ದೀಯ ಇವರಿಗೆ?"

"ರೀ, ಅದು ಅವರ ಊರಿನ ಹೆಸರು. ದಮ್ಮಯ್ಯ, ಸುಮ್ನಿರಿ. ಮನೆಗೆ ಹೋಗಿ ಎಲ್ಲಾ ಹೇಳ್ತೀನಿ," ಎಂದೆ ಕನ್ನಡದಲ್ಲಿ.

ಇವರು ನಕಾಶೆ ನೋಡಿದರು, ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದು ಜೋಕ್ ಅಂದ್ರೆ ಜೋಕು!" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. "ನಮ್ಮ ಭಾಷೆಯಲ್ಲಿ ಬೆಪ್ಪು ಅಂದರೆ ಪೆದ್ದು, ಬುದ್ಧಿ ಇಲ್ಲದ್ದು. ನಾನು ದಿನಾ ಕರೆಯುವುದು ಊರನ್ನಲ್ಲ, ಇವಳನ್ನ!" ಹಾಗೆನ್ನುತ್ತ ಕೈಯಲ್ಲಿದ್ದ ಚಾಪ್‌ಸ್ಟಿಕ್ಕನ್ನು ನನ್ನ ಕಡೆ ನೀಡಿದರು.

ಆಕೆಯ ಗಂಡ ಮರ್ಯಾದೆಗೆ ಒಂದು ಕ್ಷಣ ನಕ್ಕು, ಹೆಂಡತಿಯ ಮುಖ ನೋಡಿ ನಿಲ್ಲಿಸಿದರು. ಆಕೆ ನಗಲಿಲ್ಲ. ಅಂಗೈ ಬಿಡಿಸಿ ನನ್ನ ಕಡೆ ತೋರಿಸಿ, "ಇವರನ್ನಾ?" ಎಂದಳು. ಇಂಗ್ಲಿಷು ತಪ್ಪಾಗಿ ಕೇಳಿಸಿರಬೇಕೆಂದು ಆಕೆಗೆ ಅನುಮಾನ. "ಇವರು ಸೆನ್ಸೆ."

"ಸೆನ್ಸೆ? ಇವಳಾ?" ಇವರಿಗೆ ಇನ್ನೊಂದು ಸುತ್ತು ನಗು ಬಂತು.

ನಾನೇನು ಮಾಡಿದೆ ಗೊತ್ತೇ? ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಹಾಗೆ ನಕ್ಕರೆ ಅದು ನಿಜವಾಗಿಯೂ ಜೋಕೇ ಆಗಿಬಿಡುತ್ತದೆ ಎಂದುಕೊಂಡಿದ್ದೆ. ಕೆನ್ನೆ ಕಿವಿ ಎಲ್ಲ ಕೆಂಡವಾಗಿ ಉರಿಯುತ್ತಿತ್ತು. ತಲೆಯೆತ್ತಿ ಆಕೆಯ ಮುಖ ನೋಡಲು ಆಗಲಿಲ್ಲ. ಬೈಸಿಕೊಂಡವಳು ನಾನು, ಹೂತುಹೋಗುವಷ್ಟು ನಾಚಿಕೆಯೂ ನನಗೇ. ಅಂದವರು ಆರಾಮವಾಗಿ ಜೋಳ ತಿನ್ನುತ್ತಿದ್ದರು.

ಮಾರನೆಯ ದಿನ ಭಾನುವಾರ, ಇವರು ಕ್ರಿಕೆಟ್ ಆಡಲು ಹೋಗಿದ್ದಾಗ ಆಕೆ ಬಂದಳು. ಈ ಸಲ ಕೈಯಲ್ಲಿ ಆಲ್ಬಮ್ ಇರಲಿಲ್ಲ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ನನ್ನ ಬಗ್ಗೆ ಏನೋ ಹೇಳುತ್ತಾಳೆ ಎಂದು ಮೈ ಬಿಗಿಹಿಡಿದು ಕೂತಿದ್ದೆ.

"ನಾನು ಸಂಜೆ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದೆ," ಎಂದಳು. "ನಿಮ್ಮ ಗಂಡ ಬರುವ ಹೊತ್ತಿಗೆ. ಬೆಪ್ಪು ಅಂತ ಕೇಳಿಸಿದರೆ ಆ ದಿನ ಚೆನ್ನಾಗಿರುತ್ತಿತ್ತು. ಅಮ್ಮನಿಗೆ ಫೋನ್ ಮಾಡಿ ಇವತ್ತೂ ಹೇಳಿದರು ಅಂತಿದ್ದೆ." ಗೋಡೆಯ ಕಡೆ ಕೈ ತೋರಿಸಿದಳು. "ಅವರು ನಿಮ್ಮನ್ನು ಬೈಯುತ್ತಿದ್ದರು. ನಾನು ಈಚೆ ನಿಂತು ಖುಷಿಪಡುತ್ತಿದ್ದೆ. ನನಗೆ ತುಂಬ ನಾಚಿಕೆ, ಸೆನ್ಸೆ." ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ತಾಗುವಂತೆ ಬಗ್ಗಿದಳು.

ಅಯ್ಯೋ ದೇವರೇ! ಹಿಡಿದೆಬ್ಬಿಸಿದೆ. ನಾಚಿಕೆಪಡಬೇಕಾದವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಪಡುತ್ತಿದ್ದೇವಲ್ಲ ಎಂದು ಸಿಟ್ಟು ಉಕ್ಕಿತು. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ. "ಛೆ ಛೆ, ಅದು ಬೈಗುಳ ಅಲ್ಲ. ನಮ್ಮ ಕಡೆ ಪ್ರೀತಿಗೆ ಹಾಗಂತಾರೆ," ಎಂದೆ. ಥೇಟ್ ಆಂಟಿಯ ಮಾತು.

"ಹಾಗಾದರೆ ನೀವು ಅವರನ್ನು ಪ್ರೀತಿಗೆ ಏನಂತೀರಿ?"

"ರೀ ಅಂತೀನಿ."

"ಅದರ ಅರ್ಥ?"

ಅದಕ್ಕೆ ಅರ್ಥ ಹೇಳುವುದು ಹೇಗೆ? "ಅದು... ನಿಮ್ಮ ಸಾನ್ ಇದ್ದ ಹಾಗೆ," ಎಂದೆ.

ಆಕೆ ತಣ್ಣಗಾದ ಕಾಫಿಯನ್ನು ಎತ್ತಿ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಅವತ್ತು ಇಡೀ ಮಧ್ಯಾಹ್ನ ಒಂದು ವಾಕ್ಯವನ್ನು ಬಾಯಲ್ಲಿ ಉರು ಹೊಡೆದೆ. ಹಾಗೆ ಕರೀಬೇಡಿ, ನನಗೆ ಬೇಜಾರಾಗುತ್ತೆ. ಬಟ್ಟೆ ಮಡಚುತ್ತ ಹೇಳಿಕೊಂಡೆ, ಅಕ್ಕಿ ತೊಳೆಯುತ್ತ ಹೇಳಿಕೊಂಡೆ. ಎಷ್ಟು ಸಣ್ಣ ವಾಕ್ಯ! ಮೂವತ್ತು ಮಕ್ಕಳ ಕ್ಲಾಸನ್ನು ಒಂದೇ ಮಾತಿಗೆ ಸುಮ್ಮನಾಗಿಸುತ್ತಿದ್ದವಳಿಗೆ ಇದೇನು ಮಹಾ ಎಂದು ಧೈರ್ಯ ಹೇಳಿಕೊಂಡೆ. ಸಂಜೆ ಇವರು ಸ್ನಾನ ಮಾಡಿ ಬಂದು ಸೋಫಾದಲ್ಲಿ ಕೂತರು. ಹತ್ತಿರ ಹೋಗಿ ನಿಂತೆ.

"ರೀ, ಆ ಪದ ಇನ್ಮೇಲೆ ಬೇಡ."

"ಯಾವ ಪದ?"

"ಅದೇ, ಬೆಪ್ಪು."

"ಯಾಕೆ?" ಎಂದು ಇವರು ನಿಜವಾಗಿಯೂ ಅರ್ಥವಾಗದೆ ಕೇಳಿದರು. ಮಧ್ಯಾಹ್ನದಿಂದ ಉರು ಹೊಡೆದದ್ದು ನಾಲಿಗೆಯ ತುದಿಗೆ ಬಂದು ಅಲ್ಲೇ ಕಚ್ಚಿಕೊಂಡಿತು. 'ನನಗೆ' ಎಂಬ ಪದ ಹೊರಡಲೇ ಇಲ್ಲ.

"ಗೋಡೆ ತೆಳು," ಎಂದೆ. "ಪಕ್ಕದ ಮನೆಗೆ ಕೇಳ್ಸುತ್ತೆ. ಅವಳ ಊರಿನ ಹೆಸರಲ್ವಾ, ಅವಳಿಗೆ ಬೇಜಾರಾಗುತ್ತೆ."

ಇವರ ಮುಖ ಪೆಚ್ಚಾಯಿತು. "ಅಯ್ಯೋ, ಹೌದಲ್ವಾ! ಹುಟ್ಟಿದೂರು, ಪಾಪ. ನನಗೆ ಹೊಳೀಲೇ ಇಲ್ಲ ನೋಡು. ನಿನ್ನೆ ಬೇರೆ ಅವರ ಮನೇಲೇ ಕೂತು ಹಾಗೆ ನಕ್ಬಿಟ್ಟೆ. ಏನಂದುಕೊಂಡ್ರೋ ಏನೋ. ಛೆ! ಇನ್ಮೇಲೆ ಅನ್ನಲ್ಲ, ಪ್ರಾಮಿಸ್." ಆಗಲೇ ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿ ಆಕೆಗೆ ಸಾರಿ ಹೇಳಿ ಬಂದರು. ಕೊಟ್ಟ ಮಾತನ್ನೂ ಉಳಿಸಿಕೊಂಡರು. ಆಮೇಲೆ ಒಂದು ದಿನವೂ ಇವರ ಬಾಯಲ್ಲಿ ಆ ಪದ ಬರಲಿಲ್ಲ.

ಸಾರಿ ಹೇಳಿ ಬಂದು ಒಳಗೆ ಹೋದವರು, ನಾನು ಅನ್ನಕ್ಕಿಡುವಷ್ಟರಲ್ಲಿ ರೂಮಿನಿಂದ ಕೂಗಿದರು.

"ದಡ್ಡೀ, ನನ್ನ ಕನ್ನಡಕ ನೋಡಿದ್ಯೇನೇ?"

ಹೋಗಿ ಹುಡುಕಿಕೊಟ್ಟೆ.